ಜೇಬಿನಲ್ಲಿ ಸೀಟಿ

ಕಳೆದ ಬೇಸಿಗೆ, ಅಮ್ಮತ್ತಿ ಶಾಲೆಯ ಮೈದಾನದ ಅಂಚಿಗೆ
ಮೇಜು ಹಾಕಿ ಕೂತಿದ್ದೆ ನಾನು, ಪಿ.ಟಿ. ಮೇಷ್ಟ್ರು,
ಹಾಕಿ ಶಿಬಿರಕ್ಕೆ ಹೆಸರು ಬರೆದುಕೊಳ್ಳುತ್ತಾ.
ಚಿಣ್ಣಪ್ಪನ ಅವ್ವ ಅರ್ಜಿ ತುಂಬಿ ತಂದಿದ್ದಳು.
ಕೊನೆಯ ಸಾಲಿನಲ್ಲಿ, ಬೇರೆಯವರೆಲ್ಲ ‘ಇಲ್ಲ’ ಎಂದು ಗೀಚುವ ಕಡೆ,
ಸಣ್ಣ ಅಕ್ಷರದಲ್ಲಿ, ಕಾಗದದ ಅಂಚಿನವರೆಗೂ:
ಮಾತು ಕಡಿಮೆ. ಜೋರು ಸದ್ದು ತಡೆಯುವುದಿಲ್ಲ.
ಹೆದರಿದರೆ ತನ್ನ ಕೈ ತಾನೇ ಕಚ್ಚಿಕೊಳ್ಳುತ್ತಾನೆ.
ಸ್ಟಿಕ್ ಎಂದರೆ ಪ್ರಾಣ.

‘ಮುಂದಿನ ವರ್ಷ ನೋಡೋಣ’ ಎಂದೆ.
ನೋಡೋಣ. ಎಷ್ಟು ಮೆತ್ತಗಿನ ಪದ!
ಕೀಲಿಗೆ ಎಣ್ಣೆ ಬಿಟ್ಟ ಬಾಗಿಲು;
ಮುಚ್ಚಿದ್ದು ಗೊತ್ತೇ ಆಗುವುದಿಲ್ಲ, ಮುಚ್ಚಿದವನಿಗೆ.
ಅವಳು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿದಳು.
ಹುಡುಗ ಸುಣ್ಣದ ಗೆರೆಯ ಮೇಲೇ ಹೆಜ್ಜೆಯಿಟ್ಟು ನಡೆದ,
ಗೆರೆ ಮುಗಿದಲ್ಲಿ ನಿಂತ.
ಅವ್ವ ಬಂದು ಕೈ ಹಿಡಿಯಬೇಕಾಯಿತು.

ಈ ವರ್ಷ, ಶಿಬಿರದ ಆರನೇ ದಿನ,
ಬೆಳ್ಳಂಬೆಳಿಗ್ಗೆ ಫೋನು: ಏಳು ಆನೆ, ಜೊತೆಗೊಂದು ಮರಿ,
ಮೈದಾನದ ಹಿಂದಿನ ಕಾಫಿ ತೋಟದಲ್ಲಿ, ಹಲಸಿನ ಬುಡದಲ್ಲಿ.
ಇಂಥದ್ದಕ್ಕೆ ಏನು ಮಾಡಬೇಕೆಂದು
ನಮ್ಮೂರಿಗೆ ಯಾರೂ ಹೇಳಿಕೊಡಬೇಕಿಲ್ಲ.
ಜೀಪುಗಳು ಹಾರನ್ ಮಾಡಲಿಲ್ಲ.
ಲೈನ್‌ಮನೆಯ ಜನ ಒಂದು ತಾಸು ತಡವಾಗಿ ಹೊರಟರು.
ಅರವತ್ತು ಮಕ್ಕಳು ಶಾಲೆಯೊಳಗೆ, ಗೋಡೆಗೆ ಬೆನ್ನು ಕೊಟ್ಟು.
ನಾನು ಸೀಟಿಯನ್ನು ಕೊರಳಿಂದ ಕಳಚಿ ಜೇಬಿಗಿಳಿಸಿ
ಕೆಂಪು ಕರ್ಚೀಫು ತೆಗೆದೆ: ಎತ್ತಿದರೆ ಏಳು, ಇಳಿಸಿದರೆ ಕೂರು.
ಮೂರು ನಿಮಿಷ ಸುಮ್ಮನಿರಲಾರದ ರಂಶೀನಾ
ಮೂಗು ಹಿಡಿದು ಸೀನು ನುಂಗಿದಳು.

ಆಗ ಹೊಳೆಯಿತು. ಹೊಳೆಯಿತೆನ್ನುವುದು ದೊಡ್ಡ ಮಾತು;
ನೆಟ್ಟಿತು, ಅಂಗಾಲಿಗೆ ಮುಳ್ಳು ನೆಟ್ಟ ಹಾಗೆ:
ಆನೆಗಾದರೆ ಆಗುತ್ತದೆ.

ಸಂಜೆ ಸಿದ್ದಾಪುರದ ಬೇಕರಿಗೆ ಹೋದೆ.
ಅವಳು ಬ್ರೆಡ್ ಕೊಯ್ಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.
‘ಮುಂದಿನ ವರ್ಷ ಇವತ್ತು ಬಂತಾ ಸಾರ್?
ಅರ್ಧ ಶಿಬಿರ ಮುಗಿದ ಮೇಲೆ?’
ಉತ್ತರವಿರಲಿಲ್ಲ. ಒಂದು ಪೌಂಡು ಬ್ರೆಡ್ ಕೊಂಡೆ.
ಚಿಲ್ಲರೆ ಎಣಿಸುತ್ತಾ ಎಣಿಸುತ್ತಾ
‘ಎಷ್ಟು ಗಂಟೆಗೆ?’ ಎಂದಳು.

ಬಂದ. ಮೊದಲ ದಿನ ಕೈ ಕಚ್ಚಿಕೊಂಡ.
ಎರಡನೇ ದಿನವೂ. ಮೂರನೇ ದಿನ ಬರಲೇ ಇಲ್ಲ.
ನಾಲ್ಕನೇ ದಿನ ಮೂಲೆಯ ಬಾವುಟದ ಪಕ್ಕ ನಿಂತು
ತನ್ನೆಡೆ ಬಂದ ಚೆಂಡನ್ನೆಲ್ಲ ತಡೆದ,
ಗೆರೆಯ ಮೇಲಿಟ್ಟ, ಯಾರಾದರೂ ಬರಲೆಂದು ಕಾದ.
ಗೋಲು ಹೊಡೆದನೇ ಎಂದು ಕೇಳಬೇಡಿ. ಇಲ್ಲ.

ಒಬ್ಬ ಅಪ್ಪ ಬೇಲಿಯಾಚೆಯಿಂದ ರೇಗಿದ:
‘ಸೀಟಿಯಿಲ್ಲದೆ ಇದೇನು ಹಾಕಿ ಸಾರ್, ಮೂಕರ ಸಂತೆ?’
ಅಷ್ಟರಲ್ಲಿ ಅವನ ಮಗನೇ, ಕರ್ಚೀಫು ಎತ್ತಿದ್ದು ಕಂಡು,
ಮೈದಾನದ ಆ ತುದಿಯಿಂದ ಓಡಿ ಬರುತ್ತಿದ್ದ.
ಚೆಂಡಿನ ಮೇಲೇ ಕಣ್ಣು ನೆಟ್ಟು ಬಗ್ಗಿಯೇ ಓಡುವ ಮಕ್ಕಳಿಗೆ
‘ತಲೆ ಎತ್ತಿ ಆಡಿ’ ಎಂದು ಮೂವತ್ತು ವರ್ಷ ಕೂಗಿದ್ದೇನೆ.
ಈಗ ಎತ್ತುತ್ತಿದ್ದರು.

ಕೊನೆಯ ದಿನ, ಪಂದ್ಯದ ಬಿಸಿಯಲ್ಲಿ,
ಹಳೆಯ ಚಾಳಿ, ಸೀಟಿ ತುಟಿಗೇರಿಬಿಟ್ಟಿತು.
‘ಸಾರ್!’ ಎಂದು ಇಡೀ ಮೈದಾನ ಕಿರುಚಿತು.
ಆ ಕಿರುಚಾಟಕ್ಕೇ ಚಿಣ್ಣಪ್ಪ
ಕಿವಿ ಮುಚ್ಚಿ ಕುಸಿದು ಕೂತ.
ಸೀಟಿಯೇ ವಾಸಿಯಿತ್ತೇನೋ.
ಯಾರೂ ಹತ್ತಿರ ಹೋಗಲಿಲ್ಲ, ಯಾರೂ ಏನೂ ಅನ್ನಲಿಲ್ಲ.
ಸ್ಟಿಕ್ಕುಗಳನ್ನು ಹುಲ್ಲಿಗಿಟ್ಟು, ನಿಂತ ನಿಂತಲ್ಲೇ,
ದೂರ ದೂರ, ಅವರೂ ಕೂತರು.
ನಾನು ಗಡಿಯಾರ ನೋಡಲಿಲ್ಲ.

ಎದ್ದ. ಆಟ ಸಾಗಿತು.
ಹಾಲು ಮೊಟ್ಟೆಯ ಹೊತ್ತಿಗೆ ಬಂದು,
ತಾನೇ ಸುಲಿದ ಮೊಟ್ಟೆಯೊಂದನ್ನು ನನ್ನ ಅಂಗೈಗಿಟ್ಟು,
ಮುಖ ನೋಡದೆ ಹೋದ.
ಅಲ್ಲಲ್ಲಿ ಚಿಪ್ಪು ಉಳಿದಿತ್ತು, ಹಲ್ಲಿಗೆ ಸಿಕ್ಕಿತು.
ಉಗುಳಲಿಲ್ಲ.